ಟ್ರೊಕಿಲಸ್ ಕುಲದಲ್ಲಿ ಉಳಿದವು

ತೀರ್ಥಹಳ್ಳಿಯ ಕಡೆ ಅಂಗಳದ ದಾಸವಾಳಕ್ಕೆ ಬರುವ ಸೂರಕ್ಕಿಯನ್ನು ಹಮ್ಮಿಂಗ್‌ಬರ್ಡ್ ಎಂದು ಕರೆಯುವವರು ಈಗ ಹೆಚ್ಚಾಗಿದ್ದಾರೆ. ಹಮ್ಮಿಂಗ್‌ಬರ್ಡ್‌ಗಳು ಇಂದು ಅಮೆರಿಕ ಖಂಡಗಳನ್ನೂ ಅಲ್ಲಿನ ದ್ವೀಪಗಳನ್ನೂ ಬಿಟ್ಟು ಬೇರೆಲ್ಲೂ ಇಲ್ಲ; ಎರಡೂ ಮಕರಂದ ಹೀರುತ್ತವೆಯಾದ್ದರಿಂದ ಕೊಕ್ಕು ಒಂದೇ ಬಗೆಯಾಗಿ ಕಂಡರೂ, ವಂಶದಲ್ಲಿ ಹಮ್ಮಿಂಗ್‌ಬರ್ಡ್ ಸ್ವಿಫ್ಟ್ ಹಕ್ಕಿಗಳಿಗೆ ಹತ್ತಿರದ್ದು, ಸೂರಕ್ಕಿ ಗುಬ್ಬಚ್ಚಿಯ ಗಣಕ್ಕೆ ಸೇರಿದ್ದು.

ಹಮ್ಮಿಂಗ್‌ಬರ್ಡ್ ಕುಟುಂಬಕ್ಕೆ ಹೆಸರು ಕೊಟ್ಟ ಕುಲ ಟ್ರೊಕಿಲಸ್; ಕುಲವೆಂದರೆ ಹತ್ತಿರದ ಪ್ರಭೇದಗಳ ಗುಂಪು, ವೈಜ್ಞಾನಿಕ ಹೆಸರಿನ ಮೊದಲ ಪದ. 1758ರಲ್ಲಿ, ಜೀವಿಗಳಿಗೆ ಎರಡು ಪದದ ಹೆಸರಿಡುವ ಕ್ರಮ ತಂದ ಸ್ವೀಡನ್ನಿನ ಲಿನೇಯಸ್ ತನಗೆ ತಿಳಿದಿದ್ದ ಹಮ್ಮಿಂಗ್‌ಬರ್ಡ್‌ಗಳನ್ನೆಲ್ಲ ಇದೊಂದರಲ್ಲೇ ಇರಿಸಿದ್ದ. ಕುಟುಂಬದ ಪ್ರಭೇದಗಳು ಇಂದು 350 ದಾಟಿವೆ, ಕುಲಗಳು ನೂರಕ್ಕೂ ಹೆಚ್ಚಾಗಿವೆ. ಟ್ರೊಕಿಲಸ್‌ನಲ್ಲಿ ಮಾತ್ರ ಉಳಿದದ್ದು ಜಮೈಕಾದ ಉದ್ದಬಾಲದ ಹಕ್ಕಿಗಳಷ್ಟೇ. ಗಂಡಿನ ಮೈ ಮಿಂಚುವ ಹಸಿರು, ನೆತ್ತಿ ಕಪ್ಪು. ಬಾಲದ ಎರಡು ಕರಿಗರಿಗಳು ಮೈಗಿಂತ ಉದ್ದವಾಗಿ ಹಿಂದೆ ತೇಲುತ್ತವೆ. ಹೆಣ್ಣಿಗೆ ಆ ಗರಿಗಳಿಲ್ಲ.

ದ್ವೀಪದ ಬಹುಭಾಗದಲ್ಲಿ ಗಂಡಿನ ಕೊಕ್ಕು ಕೆಂಪು, ತುದಿ ಕಪ್ಪು. ಇದು ಲಿನೇಯಸ್ ಹೆಸರಿಸಿದ ಟ್ರೊಕಿಲಸ್ ಪಾಲಿಟ್ಮಸ್. ಪೂರ್ವದ ತುದಿಯಲ್ಲಿ ಕೊಕ್ಕು ಪೂರ್ತಿ ಕಪ್ಪು. ಇದನ್ನು 1901ರಲ್ಲಿ ಬ್ರೂಸ್ಟರ್ ಮತ್ತು ಬ್ಯಾಂಗ್ಸ್ ಸಿಟ್ಯುಲಸ್ ಎಂದು ಹೆಸರಿಸಿದರು. ಆದರೆ ಅವರು ಇಟ್ಟದ್ದು ಐಥ್ಯುರಸ್ ಎಂಬ ಬೇರೆ ಕುಲದಲ್ಲಿ. ವೈಜ್ಞಾನಿಕ ಹೆಸರಿನ ಕೊನೆಗೆ ಅದನ್ನಿಟ್ಟವರ ಹೆಸರನ್ನೂ ಬರೆಯುವುದುಂಟು; ಪ್ರಭೇದವೊಂದನ್ನು ಮೊದಲ ಕುಲದಿಂದ ಕದಲಿಸಿದರೆ ಅವರನ್ನು ಕಂಸದೊಳಗೆ ಬರೆಯಬೇಕೆಂಬುದು ನಿಯಮ. ಹಾಗಾಗಿ ಸಿಟ್ಯುಲಸ್‌ನ ಮುಂದೆ ಬ್ರೂಸ್ಟರ್, ಬ್ಯಾಂಗ್ಸ್ ಕಂಸದೊಳಗಿದ್ದಾರೆ, ಪಾಲಿಟ್ಮಸ್‌ನ ಮುಂದೆ ಲಿನೇಯಸ್ ಹೊರಗೇ ನಿಂತಿದ್ದಾನೆ. ಪಟ್ಟಿ ಓದುವವರು ಈ ಪುಟ್ಟ ಗುರುತನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಮಾತ್ರ ಸಿಗುವ ಕೆಂಬೆನ್ನಿನ ಕಿರು ಸೂರಕ್ಕಿ ಲೆಪ್ಟೊಕೋಮ ಮಿನಿಮಕ್ಕೂ ಇದೇ ಗತಿ: 1832ರಲ್ಲಿ ಸೈಕ್ಸ್ ಅದನ್ನು ಸಿನ್ನಿರಿಸ್ ಕುಲದಲ್ಲಿ ವರ್ಣಿಸಿದ್ದ, ಬಹುಕಾಲ ಅದು ನೆಕ್ಟರಿನಿಯದಲ್ಲಿತ್ತು, ಕುಲ ಬದಲಾದರೂ ಮಿನಿಮ ಉಳಿಯಿತು, ಸೈಕ್ಸ್ ಕಂಸದೊಳಗೆ ಸೇರಿದ.

ಜಮೈಕಾದ ಎರಡು ಬಗೆಗಳು ಕೂಡುವಲ್ಲಿ, ಒಂದು ಕಿರಿದಾದ ಪಟ್ಟಿಯಲ್ಲಿ, ಮಿಶ್ರತಳಿ ಹುಟ್ಟುತ್ತದೆ. ಅದನ್ನೇ ಹಿಡಿದು ಇವು ಒಂದೇ ಪ್ರಭೇದವೆಂದು ಕೆಲವರು ವಾದಿಸುತ್ತಾರೆ. ಬೆರಕೆಗೆ ಅವಕಾಶವಿದ್ದೂ ಪಟ್ಟಿ ಅಗಲವಾಗದೆ ಉಳಿದಿರುವುದು ನನಗೆ ಎರಡೆಂಬ ವಾದದ ಕಡೆಯ ಸಾಕ್ಷಿಯಾಗಿಯೇ ತೋರುತ್ತದೆ. ಒಂದೇ ಎಂದು ತೀರ್ಮಾನವಾದರೂ ಸಿಟ್ಯುಲಸ್ ಅಳಿಯದು: ಹಳೆಯ ಹೆಸರಿಗೇ ಆದ್ಯತೆಯಿರುವುದರಿಂದ ಪ್ರಭೇದದ ಸ್ಥಾನ ಪಾಲಿಟ್ಮಸ್‌ಗೆ ಹೋಗಿ, ಅದು ಮೂರನೆಯ ಪದವಾಗಿ, ಟ್ರೊಕಿಲಸ್ ಪಾಲಿಟ್ಮಸ್ ಸಿಟ್ಯುಲಸ್ ಎಂಬ ಉಪಪ್ರಭೇದವಾಗಿ ಉಳಿಯುತ್ತದೆ.