ಆಡ್‌ಆನ್ ಶುಲ್ಕ ಚಿಕ್ಕದು, ಸಿಟ್ಟು ದೊಡ್ಡದು

ಆ್ಯಪ್‌ಗೋ ಆಟಕ್ಕೋ ಹೆಚ್ಚುವರಿಯಾಗಿ ಸೇರಿಸಿಕೊಳ್ಳುವ ಸೌಲಭ್ಯವೇ ಆಡ್‌ಆನ್. ಬಿಟ್ಟಿ ಸಿಗುತ್ತಿದ್ದ ಆಡ್‌ಆನ್‌ಗೆ ಚಿಲ್ಲರೆ ಕಾಸು ಕೇಳಿದರೂ ಜನ ರೇಗುತ್ತಾರೆ. 2015ರ ಏಪ್ರಿಲ್‌ನಲ್ಲಿ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸ್ಕೈರಿಮ್ ಆಟದ ಮಾಡ್‌ಗಳನ್ನು (ಆಟಕ್ಕೆ ಆಟಗಾರರೇ ಮಾಡಿ ಸೇರಿಸುವ ಬದಲಾವಣೆಗಳನ್ನು) ಮಾರಲು ಬಿಟ್ಟಾಗಲೂ ಹೀಗೇ ಆಯಿತು. ಅದುವರೆಗೆ ಮಾಡ್‌ಗಳು ಪುಕ್ಕಟೆ ಹಂಚಿಕೆಯಾಗುತ್ತಿದ್ದವು. ಮೇಲಾಗಿ ಮಾರಾಟದ ಹಣದಲ್ಲಿ ಮಾಡ್ ಮಾಡಿದವರ ಕೈಗೆ ಸೇರುತ್ತಿದ್ದದ್ದು ಬರೀ ಶೇ. 25. ವಾರ ತುಂಬುವ ಮೊದಲೇ ಯೋಜನೆ ನಿಂತಿತು, ಕೊಂಡವರಿಗೆ ಹಣ ವಾಪಸ್.

ಶುಲ್ಕ ಇಡಬಾರದು ಅಂತಲ್ಲ, ದುಡಿದವರಿಗೆ ದುಡ್ಡು ಸಿಗಲೇಬೇಕು. ಆದರೆ ಆ್ಯಪ್ ಮಾಡುವವರೇ, ಹಳೇ ಬಳಕೆದಾರರ ಕೈಯಲ್ಲಿರುವುದಕ್ಕೆ ಬೀಗ ಹಾಕಬೇಡಿ, ಹೊಸ ಸೌಲಭ್ಯಕ್ಕೆ ಬೆಲೆ ಕಟ್ಟಿ. ಪಿಡಿಎಫ್ ಎಕ್ಸ್‌ಪೋರ್ಟ್‌ಗೆ ಹಣ ಅನ್ನುವುದಾದರೆ ಆ ಬಟನ್ ಮೇಲೇ ಬರೆದಿರಲಿ. ಅರ್ಧ ಗಂಟೆ ಕೂತು ಫೈಲ್ ಸಿದ್ಧಮಾಡಿ ಸೇವ್ ಒತ್ತಿದ ಮೇಲೆ ಶುಲ್ಕದ ಪರದೆ ಎದ್ದು ನಿಂತರೆ ಯಾರಿಗಾದರೂ ಮೈ ಉರಿಯುತ್ತದೆ. ಆ್ಯಪ್‌ಗೆ ಒಂದೇ ಸ್ಟಾರ್ ರೇಟಿಂಗ್ ಬೀಳುವುದು ಅಲ್ಲೇ.

ಇನ್ನೊಂದು, 'ಹಿಂದಿನ ಖರೀದಿ ಮರಳಿ ಪಡೆಯಿರಿ' ಬಟನ್. ಫೋನ್ ಬದಲಿಸಿದವರಿಗೆ ಅದು ಕೆಲಸ ಮಾಡದಿದ್ದರೆ ಎರಡನೇ ಸಲ ದುಡ್ಡು ಕಿತ್ತ ಹಾಗೆ. ಬಿಡುಗಡೆಗೆ ಮೊದಲು ಆ್ಯಪ್ ಅಳಿಸಿ, ಮತ್ತೆ ಹಾಕಿ, ಅದೇ ಖಾತೆಯಲ್ಲಿ ಆ ಬಟನ್ ಒತ್ತಿ ನೋಡಿ. ಆಮೇಲೆ ಬೇರೆ ಫೋನ್‌ನಲ್ಲೂ.