ನೌಕರರ ಕ್ಷೇಮಕ್ಕೆ ಯಾವ ಕಾರ್ಯಕ್ರಮ ಇಡಬೇಕು?

ಮಂಗಳೂರು, ಉಡುಪಿ ಕಡೆಯ ಅಂಗಡಿ, ಕಾರ್ಖಾನೆ, ನರ್ಸಿಂಗ್ ಹೋಮ್‌ಗಳಿಗೆ ಸಿಬ್ಬಂದಿ ವಿಷಯದಲ್ಲಿ ಸಲಹೆ ನೀಡುವ ಕೆಲಸದಲ್ಲಿರುವ ನನ್ನನ್ನು ಮಾಲಕರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ನಮ್ಮಲ್ಲಿರುವುದು ಮೂವತ್ತು ನಲವತ್ತು ಜನ. ದೊಡ್ಡ ಕಂಪೆನಿಗಳ ಹಾಗೆ ಖರ್ಚು ಮಾಡಲು ನಮ್ಮಿಂದಾಗದು. ನೌಕರರ ಕ್ಷೇಮಕ್ಕೆಂದು ಯಾವ ಕಾರ್ಯಕ್ರಮ ಇಡೋಣ?" ಯೋಗ ಶಿಬಿರ, ಆರೋಗ್ಯ ತಪಾಸಣೆ, ವರ್ಷಕ್ಕೊಂದು ಪ್ರವಾಸ ಎಂದು ಅವರೇ ಎರಡು ಮೂರು ಹೆಸರುಗಳನ್ನೂ ಸೂಚಿಸುತ್ತಾರೆ. ಕೇಳುವವರ ಕಾಳಜಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೂ ಕಾರ್ಯಕ್ರಮದ ಮಾತನ್ನು ಆಮೇಲೆ ಆಡೋಣ ಎನ್ನುತ್ತೇನೆ. ಎಷ್ಟು ಹೊತ್ತು ನಿಂತಿರಬೇಕು, ಎಷ್ಟು ಗಂಟೆಗೆ ಮನೆಗೆ ಹೊರಡಬಹುದು, ರಜೆ ಕೇಳಿದರೆ ಎಂಥ ಉತ್ತರ ಸಿಗುತ್ತದೆ ಎಂಬುದರಲ್ಲೇ ಕ್ಷೇಮದ ಹೆಚ್ಚಿನ ಪಾಲು ತೀರ್ಮಾನವಾಗಿಬಿಡುತ್ತದೆ.

ಜವಳಿ ಅಂಗಡಿಯ ಮಾತನ್ನೇ ತೆಗೆದುಕೊಳ್ಳಿ. ಬೆಳಗ್ಗೆ ಬಂದ ಹುಡುಗಿ ಊಟದ ಹೊತ್ತು ಬಿಟ್ಟರೆ ದಿನವಿಡೀ ನಿಂತೇ ಇರುತ್ತಾಳೆ. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಬಂದ ಗಿರಾಕಿ ಇಪ್ಪತ್ತು ಸೀರೆ ಬಿಚ್ಚಿಸಿ ನೋಡಿ, ಒಂದನ್ನೂ ಕೊಳ್ಳದೆ ಹೋದ ಮೇಲೆ, ಅವನ್ನೆಲ್ಲ ಹಳೆಯ ಮಡಿಕೆಯ ಗೆರೆ ತಪ್ಪದಂತೆ ಮಡಚಿ, ಅಂಚು ಹೊರಗೆ ಕಾಣುವಂತೆ ಕಪಾಟಿನಲ್ಲಿ ಜೋಡಿಸಿ ಮುಗಿಸುವಷ್ಟರಲ್ಲಿ ಅವಳ ಊರಿನ ಕೊನೆಯ ಸರ್ವಿಸ್ ಬಸ್ಸು ಹೋಗಿರುತ್ತದೆ. ಮುಡಿಪಿಗೋ ಕಿನ್ನಿಗೋಳಿಗೋ ರಿಕ್ಷಾ ಹಿಡಿದರೆ ಅಂದಿನ ಸಂಬಳದಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬುದು ಕರ್ನಾಟಕದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಕಾಲದಿಂದಲೂ ಇರುವ ಮಿತಿ. ಮಡಚುವ ಕೆಲಸವೂ ಆ ಲೆಕ್ಕದೊಳಗೇ ಬರಬೇಕು. ಬಾಗಿಲು ಹಾಕುವ ಅರ್ಧ ಗಂಟೆ ಮೊದಲು ಶಟರ್ ಅರ್ಧ ಇಳಿಸಿ, ಉಳಿದ ಸೀರೆಗಳನ್ನು ಮರುದಿನ ಬೆಳಗ್ಗೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮಡಚಲು ಬಿಡಿ ಎಂಬುದು ನನ್ನ ಮೊದಲ ಸಲಹೆ. ಎರಡನೆಯದು ಕೌಂಟರಿನ ಹಿಂದೆ ಕೂರಲು ಸ್ಟೂಲ್. ಕೇರಳವು 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕೂರುವ ಹಕ್ಕನ್ನು ಕಾನೂನಿನಲ್ಲೇ ಸೇರಿಸಿದವು. ಕೇರಳದ ಗಡಿಯಲ್ಲಿರುವ ತಲಪಾಡಿ ದಾಟಿದರೆ ಆಚೆ ಅದು ಹಕ್ಕು; ಈಚೆ ಒಂದು ಸ್ಟೂಲ್ ಇಡಲು ನಾವು ಯಾರ ಆದೇಶಕ್ಕೂ ಕಾಯಬೇಕಾಗಿಲ್ಲ.

ಗೇರುಬೀಜ ಕಾರ್ಖಾನೆಯಲ್ಲಿ ಸಮಸ್ಯೆ ಇದಕ್ಕೆ ತದ್ವಿರುದ್ಧ. ಅಲ್ಲಿನ ಹೆಂಗಸರು ದಿನವಿಡೀ ಕೂತಿರುತ್ತಾರೆ. ಸಿಪ್ಪೆ ತೆಗೆಯುವ ವಿಭಾಗದಲ್ಲಿ ಕೂಲಿ ತೂಕದ ಮೇಲೆ ಇದ್ದರೆ, ಎದ್ದು ಹೋದ ಹತ್ತು ನಿಮಿಷವೂ ಕೈಯಿಂದ ಹೋದ ಹಣವೇ. ಶೌಚಾಲಯ ಅಂಗಳದ ಆ ತುದಿಯಲ್ಲಿದ್ದು, ಅದೂ ಚೊಕ್ಕಟವಾಗಿಲ್ಲದಿದ್ದರೆ, ಅವರು ಕಂಡುಕೊಳ್ಳುವ ದಾರಿ ನೀರು ಕುಡಿಯುವುದನ್ನೇ ಕಡಿಮೆ ಮಾಡುವುದು. ಬೆವರು ಆರದ ನಮ್ಮ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಹಾಗೆ ಮಾಡಿದವರಿಗೆ ಉರಿಮೂತ್ರ, ತಲೆನೋವು, ಸುಸ್ತು ಬರುವುದು ಸಹಜ, ಆಮೇಲೆ ಎರಡು ದಿನ ಕೆಲಸಕ್ಕೆ ಬಾರದಿರುವುದೂ ಸಹಜ. ಇಲ್ಲಿ ಆರೋಗ್ಯ ಶಿಬಿರ ನಡೆಸಿದರೆ ವೈದ್ಯರು "ನೀರು ಚೆನ್ನಾಗಿ ಕುಡಿಯಿರಿ" ಎಂದು ಹೇಳಿ ಹೋಗುತ್ತಾರೆ. ಅದು ಆ ಹೆಂಗಸರಿಗೆ ಗೊತ್ತಿಲ್ಲದ ಮಾತೇನೂ ಅಲ್ಲ. ಸತತ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ವಿರಾಮ ಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅದರ ಜೊತೆಗೆ ಬೆಳಗ್ಗೆ, ಮಧ್ಯಾಹ್ನ ಒಂದೊಂದು ಚಿಕ್ಕ ವಿರಾಮವನ್ನು ಎಲ್ಲರಿಗೂ ಒಟ್ಟಿಗೇ ಕೊಟ್ಟು, ಆ ಹೊತ್ತಿಗೂ ಕೂಲಿ ಕಟ್ಟಿಕೊಡಿ. ಕೂಲಿ ಕಡಿತವಾಗುವ ಭಯ ಹೋದರೆ ನೀರಿನ ಕೊಡ ತಾನಾಗಿಯೇ ಖಾಲಿಯಾಗುತ್ತದೆ.

ರಜೆಯ ವಿಷಯದಲ್ಲಿ ನಮ್ಮ ಜಿಲ್ಲೆಗಳ ಪಂಚಾಂಗವೇ ಬೇರೆ. ದೀಪಾವಳಿ ಕಳೆದ ಮೇಲೆ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯವರೆಗೆ ದೈವಗಳ ನೇಮ, ಕೋಲಗಳು ಸಾಲಾಗಿ ಬರುತ್ತವೆ. ಕುಟುಂಬದ ಮನೆಯ ನೇಮಕ್ಕೆ ಹೋಗದೆ ಉಳಿಯುವುದು ಯಾರಿಗೂ ಸಾಧ್ಯವಿಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಕ್ರೈಸ್ತ ನೌಕರರಿಗೆ ಮನೆಯವರೆಲ್ಲ ಸೇರಿ ಹೊಸ ಅಕ್ಕಿ ಉಣ್ಣುವ ದಿನ. "ಸೀಸನ್ನಿನಲ್ಲೇ ಕೈಕೊಡುತ್ತಾರೆ" ಎಂದು ದೂರುವ ಮಾಲಕರಿಗೆ, ಆ ದಿನಗಳನ್ನು ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಿ ಎನ್ನುತ್ತೇನೆ. ಮೊದಲೇ ಒಪ್ಪಿಕೊಂಡ ರಜೆಗೆ ಬದಲಿ ಜನ ಹೊಂದಿಸುವುದು ಕಷ್ಟವಲ್ಲ. ಒಪ್ಪದೆ ಉಳಿಸಿದ ರಜೆ ಹಿಂದಿನ ರಾತ್ರಿ ಜ್ವರವೆಂಬ ಸಂದೇಶವಾಗಿ ಬರುತ್ತದೆ. ನರ್ಸಿಂಗ್ ಹೋಮ್‌ಗಳ ಡ್ಯೂಟಿ ಚಾರ್ಟಿಗೂ ಇದೇ ಮಾತು: ಮುಂದಿನ ವಾರ ರಾತ್ರಿ ಪಾಳಿ ಯಾರದ್ದೆಂದು ಶನಿವಾರ ಸಂಜೆಯವರೆಗೂ ಗೊತ್ತಾಗದಿದ್ದರೆ ಮಗುವನ್ನು ಯಾರ ಬಳಿ ಬಿಡುವುದೆಂದು ತಾಯಿ ತೀರ್ಮಾನಿಸುವುದಾದರೂ ಹೇಗೆ?

ಇದೆಲ್ಲ ದೇಹದ ದಣಿವಿನ ಮಾತಾಯಿತು, ಮನಸ್ಸಿನದ್ದೇನು ಎಂದು ಕೆಲವರು ಕೇಳುತ್ತಾರೆ. ಕೆಲಸದಲ್ಲಿ ಬರ್ನ್‌ಔಟ್ ಆಗುವುದನ್ನು, ಅಂದರೆ ದಣಿದು ಬರಿದಾಗಿಬಿಡುವುದನ್ನು, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಿವರಿಸಿದಾಗ ಅದನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ, ಸರಿಯಾಗಿ ನಿಭಾಯಿಸದೆ ಉಳಿದ ಕೆಲಸದ ಒತ್ತಡದ ಫಲ ಎಂದಿತು. ಒತ್ತಡವಿರುವುದು ಕೆಲಸದಲ್ಲಾದರೆ ಸರಿಪಡಿಸಬೇಕಾದದ್ದೂ ಕೆಲಸವನ್ನೇ. ಅದರಲ್ಲೂ ಸೂಪರ್‌ವೈಸರನ ಮಾತಿನ ರೀತಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆ ನೀಡುವ ನೀತಿಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ನೀಡಿತು. ಆದರೆ ನಾಲ್ಕು ಜನರೆದುರು ಕಾರಣ ಬಿಡಿಸಿ ಹೇಳಬೇಕಾದ ಜಾಗದಲ್ಲಿ ಆ ರಜೆಯನ್ನು ಯಾರು ಕೇಳಿಯಾರು? ರಜೆ ಚೀಟಿಯಿಂದ ಕಾರಣದ ಕಾಲಂ ತೆಗೆದುಹಾಕಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ. ಮನಸ್ಸು ನಿಜವಾಗಿಯೂ ಕುಸಿದವರಿಗೆ ಕನ್ನಡದಲ್ಲೇ ಮಾತನಾಡಬಹುದಾದ ಸರಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ ಇದೆ, ಸಂಖ್ಯೆ 14416. ಅದನ್ನು ಮಾಲಕರ ಕೋಣೆಯ ಬಾಗಿಲ ಮೇಲಲ್ಲ, ಊಟದ ಕೋಣೆಯ ಒಳಗೋಡೆಗೆ ಅಂಟಿಸಿ. ಯಾರ ಕಣ್ಣಿಗೂ ಬೀಳದೆ ಅದನ್ನು ಬರೆದುಕೊಳ್ಳಲು ಆಗಬೇಕು.