ಸಂತ ಲಾರೆನ್ಸರ ಕೈಯಲ್ಲಿ ಅದೇನು, ಏಣಿಯಾ?

ಕಾರ್ಕಳದವನು ಅಂದ ಕೂಡಲೇ ಜನ ಮೊದಲು ಗೊಮ್ಮಟನ ಸುದ್ದಿ ತೆಗೆಯುತ್ತಾರೆ. ಆಮೇಲೆ ಅತ್ತೂರು ಚರ್ಚಿನ ಸಾಂತ್‌ಮಾರಿ. ಜನವರಿಯ ಆ ಜಾತ್ರೆಗೆ ಬಂದು ಸಂತ ಲಾರೆನ್ಸರ ಪಟ ಕೊಂಡುಹೋದವರೆಲ್ಲ ನನ್ನನ್ನು ಕೇಳುವುದು ಒಂದೇ: "ಕೈಯಲ್ಲಿ ಏಣಿ ಥರ ಏನೋ ಹಿಡ್ಕೊಂಡಿದ್ದಾರಲ್ಲ, ಅದೇನು?"

ಏಣಿಯಲ್ಲ, ಕಬ್ಬಿಣದ ಜಾಲರಿ. ಕೆಳಗೆ ಕೆಂಡ ಹಾಕಿ ಅದರ ಮೇಲೆ ಅವರನ್ನು ಸುಟ್ಟರು ಅಂತ ಕತೆ. ಅರ್ಧ ಬೆಂದಾಗ ಲಾರೆನ್ಸರು, "ಈ ಮಗ್ಗುಲು ಆಯ್ತು, ಇನ್ನು ತಿರುಗಿಸಿ" ಅಂದರಂತೆ. ಅಡುಗೆಯವರಿಗೆ ಇವರೇ ಪಾಲಕ ಸಂತರು ಬೇರೆ! ಇಷ್ಟು ಕೇಳಿದ ಮೇಲೆ ಎರಡನೇ ಪ್ರಶ್ನೆ ಬಂದೇ ಬರುತ್ತದೆ: "ಇದೆಲ್ಲ ನಿಜಾನಾ?"

ಜಾಲರಿಯ ಕತೆ ನಿಜ ಅಂತ ನನಗೆ ಅನ್ನಿಸುವುದಿಲ್ಲ. ಲಾರೆನ್ಸರು ರೋಮ್ ಚರ್ಚಿನ ಡೀಕನ್, ಅಂದರೆ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ಸ್ಥಾನದವರು. 258ರಲ್ಲಿ ರೋಮಿನ ಚಕ್ರವರ್ತಿ ವಲೇರಿಯನ್ ಹೊರಡಿಸಿದ ಆಜ್ಞೆ ಚರ್ಚಿನ ಸೇವೆಯಲ್ಲಿದ್ದವರ ಮಟ್ಟಿಗೆ ಬಹಳ ಸರಳವಾಗಿತ್ತು. ಬಿಷಪ್, ಪಾದ್ರಿ, ಡೀಕನ್ ಸಿಕ್ಕರೆ ತಡಮಾಡದೆ ಕೊಲ್ಲಿ, ಅಷ್ಟೇ. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ಟಸ್ ಅವರನ್ನೂ ಅವರ ಜೊತೆಗಿದ್ದ ಡೀಕನ್‌ಗಳನ್ನೂ ಸ್ಮಶಾನದಲ್ಲೇ ಹಿಡಿದು ಕೊಂದರು. ನಾಲ್ಕು ದಿನ ಬಿಟ್ಟು, ಆಗಸ್ಟ್ 10ಕ್ಕೆ, ಲಾರೆನ್ಸರ ಸರದಿ. ಅಂಥ ಅವಸರದಲ್ಲಿ ಕೆಂಡ ಮಾಡಿಕೊಂಡು ಕೂರುವವರು ಯಾರು? ಅವರದ್ದೂ ಕತ್ತಿಯ ಸಾವೇ ಇರಬೇಕು ಅನ್ನುವ ಇತಿಹಾಸಕಾರರ ಮಾತು ನನಗೆ ಒಪ್ಪಿಗೆ. ಕೆಂಡದ ಕತೆಯನ್ನು ಬರೆದಿಟ್ಟವರಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್ ಒಬ್ಬರು. ಅವರು ಬರೆದದ್ದು ಸುಮಾರು 130 ವರ್ಷಗಳ ನಂತರ.

ಆಂಬ್ರೋಸರೇ ಹೇಳುವ ಇನ್ನೊಂದು ಕತೆ ಇದೆ. ಚರ್ಚಿನ ಸಂಪತ್ತು ತಂದೊಪ್ಪಿಸು ಅಂತ ಅಪ್ಪಣೆಯಾಯಿತು. ಲಾರೆನ್ಸರು ಕರೆದುಕೊಂಡು ಬಂದದ್ದು ಊರಿನ ಬಡವರನ್ನು. "ಚರ್ಚಿನ ಸಂಪತ್ತು ಇವರೇ" ಅಂದರು. ಇದೂ ಅಷ್ಟೇ ತಡವಾಗಿ ಬರೆದದ್ದು. ಆದರೆ ಇದನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಯಾಕೆಂದರೆ ಒಂದು ಹಳೆಯ ಪತ್ರ ಉಳಿದಿದೆ. ಲಾರೆನ್ಸರ ಸಾವಿಗೆ ಏಳು ವರ್ಷ ಮೊದಲು, 251ರ ಸುಮಾರಿಗೆ, ಪೋಪ್ ಕೊರ್ನೇಲಿಯಸ್ ರೋಮ್ ಚರ್ಚಿನ ಲೆಕ್ಕ ಕೊಡುತ್ತಾರೆ. ಪಾದ್ರಿಗಳು 46, ಡೀಕನ್‌ಗಳು 7. ಚರ್ಚು ಸಾಕುತ್ತಿದ್ದ ವಿಧವೆಯರು ಮತ್ತು ಕಷ್ಟದಲ್ಲಿದ್ದವರು 1500ಕ್ಕೂ ಜಾಸ್ತಿ! ಡೀಕನ್ ಅಂದರೆ ಬರೀ ಪೂಜೆಗೆ ನೆರವಾಗುವವನಲ್ಲ. ದಾನದ ದುಡ್ಡು, ಯಾರಿಗೆ ಎಷ್ಟು ಅನ್ನುವ ಲೆಕ್ಕ, ಎಲ್ಲ ಅವನದ್ದೇ. ಲಾರೆನ್ಸರು ಅಂಥ ಏಳು ಜನರಲ್ಲಿ ಒಬ್ಬರು. ವಲೇರಿಯನ್ನನ ಆಜ್ಞೆಯಲ್ಲಿ ದೊಡ್ಡ ಮನೆತನದ ಕ್ರೈಸ್ತರ ಆಸ್ತಿ ಮುಟ್ಟುಗೋಲು ಹಾಕುವ ಮಾತೂ ಇತ್ತು. ಅಂದಮೇಲೆ ಸರ್ಕಾರದ ಕಣ್ಣು ಹಣದ ಮೇಲೆ ಇತ್ತು, ಹಣದ ಲೆಕ್ಕ ಡೀಕನ್ ಹತ್ತಿರ ಇತ್ತು. ಬಡವರೇ ಸಂಪತ್ತು ಅಂದ ಆ ಪ್ರಸಂಗ ನಡೆದಿರಲಿ ಬಿಡಲಿ, ಅಂಥ ಮಾತು ಹುಟ್ಟುವ ಜಾಗವಂತೂ ಅದೇ, ಅಲ್ವಾ?



ಆದರೂ ಲೋಕ ಹಿಡಿದುಕೊಂಡದ್ದು ಜಾಲರಿಯನ್ನೇ. ಸ್ಪೇನಿನ ಎಸ್ಕೊರಿಯಲ್ ಅರಮನೆಯ ನಕ್ಷೆಯೇ ಜಾಲರಿಯ ಆಕಾರದ್ದು ಅನ್ನುತ್ತಾರೆ. ಆಗಸ್ಟ್ 10ರ ಹೊತ್ತಿಗೆ ಬೀಳುವ ಉಲ್ಕೆಗಳನ್ನು ಇಟಲಿಯವರು ಸಂತ ಲಾರೆನ್ಸರ ಕಣ್ಣೀರು ಅಂತ ಕರೆಯುತ್ತಾರೆ.

ಅತ್ತೂರಿನ ಚರ್ಚು 1759ರದ್ದು, 2016ರಲ್ಲಿ ಬಸಿಲಿಕಾ (ಪೋಪ್ ಕಡೆಯಿಂದ ವಿಶೇಷ ಗೌರವ ಪಡೆದ ಚರ್ಚು) ಆಯಿತು. ಸಂತರ ದಿನ ಆಗಸ್ಟಿನಲ್ಲಿದ್ದರೂ ಜಾತ್ರೆ ಜನವರಿಯಲ್ಲಿ. ಆಗಸ್ಟಿನ ಕಾರ್ಕಳದ ಮಳೆ ಗೊತ್ತಿದ್ದವರು ಯಾಕೆ ಅಂತ ಕೇಳುವುದಿಲ್ಲ. ಹಿಂದೂ, ಮುಸ್ಲಿಂ, ಜೈನ ಎಲ್ಲರೂ ಬಂದು ಮೇಣದಬತ್ತಿ ಹಚ್ಚುತ್ತಾರೆ. ದಾರಿಬದಿಯಲ್ಲಿ ಭಿಕ್ಷೆಗೆ ಕೂತವರ ಉದ್ದದ ಸಾಲು ಇರುತ್ತದೆ. ಹರಕೆ ಹೊತ್ತವರು ಅವರಿಗೆ ಚಿಲ್ಲರೆ ಹಾಕುತ್ತಾ ನಡೆಯುತ್ತಾರೆ. ಆ ಜಾಲರಿ ಏನು ಅಂತ ಕೇಳಿದವರಿಗೆ ನಾನು ಈಗೀಗ ಮೊದಲು ತೋರಿಸುವುದು ಈ ಸಾಲನ್ನು. ಪಟದ ಕತೆ ಆಮೇಲೆ, ಚಾ ಕುಡಿಯುವಾಗ.